ಏಳು ಕೊಳವೆಗಳು

ಹಂಸವೇಣಿಯ ಮಣಿಕಟ್ಟು ಹಿಡಿದರೆ ನಾಡಿ ಸಿಗುತ್ತಿರಲಿಲ್ಲ. ಎದೆಗೆ ಕಿವಿಯಿಟ್ಟರೆ ಬಡಿತವೂ ಇರಲಿಲ್ಲ; ಗೋಡೆಯಾಚೆ ಯಾರದೋ ಮನೆಯಲ್ಲಿ ಫ್ಯಾನು ತಿರುಗುತ್ತಿರುವಂತೆ ಒಂದು ಸಣ್ಣ ಗುಂಯ್ ಶಬ್ದ, ಅಷ್ಟೇ. ಆದರೂ ೨೦೫೮ರ ಸೆಪ್ಟೆಂಬರಿನ ಆ ಬೆಳಿಗ್ಗೆ ಅವಳು ಭದ್ರಾವತಿಯ ಒಂದು ಹೆಣ್ಣುಮಕ್ಕಳ ಶಾಲೆಯ ಮೈದಾನದಲ್ಲಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಖೊಖೊ ಆಡುವ ಹುಡುಗಿಯರ ಹಿಂದೆ ಓಡುತ್ತಿದ್ದಳು. ಅವಳು ಅಲ್ಲಿಯ ಪಿ.ಟಿ. ಮೇಡಂ. ವರ್ಷವೂ ಎಂಟನೇ ತರಗತಿಗೆ ಬರುವ ಹೊಸ ಹುಡುಗಿಯರು ಅವಳ ಕೈ ಹಿಡಿದು ನಾಡಿ ಹುಡುಕುವುದು ಒಂದು ವಾಡಿಕೆಯಾಗಿತ್ತು. ಈ ಸಲ ಒಬ್ಬಳು ಹುಡುಕಿ ಹುಡುಕಿ ಸೋತು, ಮೇಡಂ ನೀವು ಸತ್ತುಹೋಗಿದ್ದೀರಾ ಎಂದು ಕೇಳಿದ್ದಳು. ಹೌದು, ದೆವ್ವ ಅಟ್ಟಿಸಿಕೊಂಡು ಬರ್ತಿದೆ, ಓಡು ಎಂದು ವೇಣಿ ಅವಳನ್ನು ಎರಡು ಸುತ್ತು ಓಡಿಸಿದ್ದಳು.

ಕಾಂಪೌಂಡಿನ ಹೊರಗೆ ನಿಂತು ಅಕ್ಕ ದೇವೀರಮ್ಮ ನೋಡುತ್ತಿದ್ದಳು. ತಂಗಿಗೆ ತಿಂಡಿಯ ಡಬ್ಬಿ ಕೊಟ್ಟು, ತಾನು ಬಾಟಲಿ ತೊಳೆಯುವ ರಕ್ತಪರೀಕ್ಷೆಯ ಅಂಗಡಿಗೆ ಹೋಗುವ ಮೊದಲು ಐದು ನಿಮಿಷ ಹೀಗೆ ನಿಲ್ಲುತ್ತಿದ್ದಳು. ಮಾತಾಡುವುದಕ್ಕಿಂತ ನೋಡುವುದೇ ಅವಳಿಗೆ ಸಲೀಸು. ಒಂಬತ್ತು ವರ್ಷದ ಹಿಂದೆ ಒಂದು ಜ್ವರದ ನಂತರ ವೇಣಿಯ ಹೃದಯ ಸೋತು, ಎರಡು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಈಗ ಓಡುವ ತಂಗಿಯನ್ನು ನೋಡುವುದು ದೇವೀರಮ್ಮನಿಗೆ ಊಟದಷ್ಟೇ ಬೇಕಾದದ್ದು.

ವೇಣಿಯ ಎದೆಯಲ್ಲಿದ್ದದ್ದು ಜನ ತೇಲುಗಾಲಿ ಎಂದು ಕರೆಯುವ ಪಂಪು. ಹೆಬ್ಬೆರಳಿನ ಗಾತ್ರದ ಒಂದು ಗಾಲಿ ಯಾವುದನ್ನೂ ಮುಟ್ಟದೆ ರಕ್ತದಲ್ಲಿ ತೇಲುತ್ತ ತಿರುಗುತ್ತದೆ. ಅಚ್ಚಿಲ್ಲ, ಬೇರಿಂಗಿಲ್ಲ, ಹೊರಗಿನಿಂದ ವೈರಿಲ್ಲ. ಗಾಲಿಯನ್ನು ತೇಲಿಸುವುದು ಅದರಡಿಯ ಒಂದು ಕಪ್ಪು ಬಿಲ್ಲೆ, ಹಣೆಗಿಡುವ ಬೊಟ್ಟಿಗಿಂತ ಸ್ವಲ್ಪ ದೊಡ್ಡದು. ಆ ಬಿಲ್ಲೆ ಅತಿವಾಹಕ, ಅಂದರೆ ವಿದ್ಯುತ್ತು ಚೂರೂ ತಡೆಯಿಲ್ಲದೆ ಹರಿಯುವ ವಸ್ತು. ಅದರ ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ನಿಲ್ಲುತ್ತದೆ. ಹಿಂದೆ ಅಂಥ ವಸ್ತುಗಳಿಗೆಲ್ಲ ಭಯಂಕರ ಚಳಿ ಬೇಕಿತ್ತು. ಈ ಬಿಲ್ಲೆ ಮೈಯ ಬಿಸಿಯಲ್ಲೇ ಆ ಕೆಲಸ ಮಾಡುತ್ತಿತ್ತು. ನಲವತ್ತೊಂದು ಸಾವಿರ ಜನರ ಎದೆಯಲ್ಲಿ ಮಾಡುತ್ತಿತ್ತು.

ಬಿಲ್ಲೆ ಹುಟ್ಟಿದ್ದು ಭದ್ರಾವತಿಯಲ್ಲೇ, ಊರಾಚೆಯ ಒಂದು ಪ್ರಯೋಗಾಲಯದಲ್ಲಿ. ಹುಟ್ಟಿಸಿದವರು ಧಾರವಾಡದ ಕಡೆಯ ಡಾಕ್ಟರ್ ಉಮಾಪತಿ ಹಿರೇಮಠ. ಅವರು ಹಿಡಿದು ಕೂತಿದ್ದದ್ದು ಹ್ಯಾಫ್ನಿಯಂ ನೈಟ್ರೈಡ್ ಕ್ಲೋರೈಡ್ ಎಂಬ ವಸ್ತುವನ್ನು. ಹ್ಯಾಫ್ನಿಯಂ ಒಂದು ಲೋಹ. ಅದನ್ನು, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರದ ಜೊತೆ ಗಾಜಿನ ಕೊಳವೆಯಲ್ಲಿ ಮುಚ್ಚಿ ಕುಲುಮೆಯಲ್ಲಿ ಕಾಯಿಸಿದರೆ, ನವಸಾಗರ ಒಡೆದು ಅದರ ಸಾರಜನಕವೂ ಕ್ಲೋರಿನ್ನೂ ಲೋಹಕ್ಕೆ ಅಂಟಿಕೊಳ್ಳುತ್ತವೆ. ಕೊಳವೆಯ ಒಂದು ತುದಿಯನ್ನು ಹೆಚ್ಚು ಬಿಸಿಯಿಟ್ಟರೆ ಮೂರು ವಾರದಲ್ಲಿ ಆ ತುದಿಯಲ್ಲಿ ಹರಳು ಬೆಳೆಯುತ್ತದೆ. ಹರಳಿನ ಒಳಗೆ ಅಣುಗಳು ಹಪ್ಪಳ ಒಂದರ ಮೇಲೊಂದು ಪೇರಿಸಿದಂತೆ ಪದರ ಪದರವಾಗಿರುತ್ತವೆ. ಪ್ರತಿ ಪದರದ ನಡುವಿನಲ್ಲಿ ಲೋಹ ಮತ್ತು ಸಾರಜನಕದ ಜೇನುಗೂಡಿನಂಥ ಬಲೆ; ಮೇಲೂ ಕೆಳಗೂ ಕ್ಲೋರಿನ್. ಒಂದು ಪದರಕ್ಕೂ ಇನ್ನೊಂದಕ್ಕೂ ಗಟ್ಟಿಯಾದ ಹಿಡಿತವಿಲ್ಲ. ಆ ಸಂದಿನಲ್ಲಿ ಬೇರೆ ಅಣುಗಳನ್ನು ತೂರಿಸಬಹುದು. ತೂರಿಸಿದರೆ ಹರಳು ಅತಿವಾಹಕವಾಗುತ್ತದೆ, ಆದರೆ ಕೊರೆಯುವ ಚಳಿಯಲ್ಲಿ ಮಾತ್ರ ಎಂಬುದು ಹಳೆಯ ಸಂಗತಿ. ಚಳಿಯಿಲ್ಲದೆ ಹೇಗೆ ಎಂಬುದು ಹಿರೇಮಠರ ಪ್ರಶ್ನೆ.

ದೇವೀರಮ್ಮ ಅಲ್ಲಿ ಸೇರಿದಾಗ ಹತ್ತೊಂಬತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಕೊಳವೆಯ ಕತ್ತು ಸಣ್ಣ ಮಾಡುವುದು ಅವಳ ಕೆಲಸ. ಕೊಳವೆಯನ್ನು ಜ್ವಾಲೆಯಲ್ಲಿ ತಿರುಗಿಸುತ್ತ, ಮೆತ್ತಗಾದ ಗಾಜು ಕುಸಿಯದಂತೆ ಒಳಕ್ಕೆ ಹದವಾಗಿ ಗಾಳಿ ಕೊಡಬೇಕು. ಆಮೇಲೆ ಪುಡಿ ತುಂಬಿ, ಗಾಳಿಯನ್ನೆಲ್ಲ ಹೀರಿ ತೆಗೆದು, ಆ ಕತ್ತನ್ನು ಕರಗಿಸಿ ಮುಚ್ಚುತ್ತಾರೆ. ಉಳಿದವರು ಸಿಲಿಂಡರಿನ ಒಣ ಗಾಳಿ ಬಿಡುತ್ತಿದ್ದರು. ದೇವೀರಮ್ಮನಿಗೆ ಮಾತ್ರ ರಬ್ಬರ್ ನಳಿಗೆಯನ್ನು ತುಟಿಯಲ್ಲಿ ಹಿಡಿದು ಊದಿದರೇ ಹದ ಸಿಗುತ್ತಿದ್ದದ್ದು. ಉಸಿರಿನ ತೇವ ಹೋಗಲೆಂದು ಕೊಳವೆಗಳನ್ನು ಒಂದು ದಿನ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದರು.

೨೦೪೧ರಲ್ಲಿ ಒಂದು ವಾರ ಆ ಪೆಟ್ಟಿಗೆ ಕೆಟ್ಟಿತು. ಕೆಲಸ ನಿಲ್ಲಿಸಲಿಲ್ಲ. ಆ ವಾರದ ನಲವತ್ತು ಕೊಳವೆಗಳಲ್ಲಿ ಏಳರ ಹರಳುಗಳು ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಅಯಸ್ಕಾಂತವನ್ನು ಎತ್ತಿ ಹಿಡಿದವು. ಏಳೂ ದೇವೀರಮ್ಮ ಊದಿದವು.

ಹಿರೇಮಠರು ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೂರು ದಿನ ಕೂತರು. ಅವಳು ಊದುವುದನ್ನು ನೋಡಿದರು, ಅಳೆದರು, ಚಿತ್ರ ತೆಗೆದರು. ಆ ಮೂರು ದಿನ ಊದಿ, ಒಣಗಿಸದೆ ಬಿಟ್ಟ ಕೊಳವೆಗಳ ಹರಳುಗಳೂ ಕೆಲಸ ಮಾಡಿದವು. ಉಸಿರಿನ ತೇವವೇ ಪದರಗಳ ನಡುವೆ ಸೇರಿ ಪವಾಡ ಮಾಡಿದೆ ಎಂದು ಅವರು ಬರೆದರು. ಮೊದಲ ಏಳು ಕೊಳವೆಗಳ ಹರಳುಗಳನ್ನು ನೂರಿಪ್ಪತ್ತು ದಿನ ಕಾಯಿಸಿ ಮುಪ್ಪಿನ ಪರೀಕ್ಷೆ ಮಾಡಿದರು. ಐವತ್ತು ವರ್ಷ ಬಾಳುತ್ತವೆ ಎಂದು ತಿಳಿಯಿತು. ಅಳೆದು ತೂಗಿ ಅಷ್ಟೇ ತೇವ ಕೊಡುವ ಯಂತ್ರ ಬಂತು. ಯಂತ್ರ ಬಂದ ಮೇಲೆ ಊದುವವರು ಬೇಡವಾದರು. ದೇವೀರಮ್ಮ ಮನೆಗೆ ಬಂದಳು. ಮುಂದೆ ತಂಗಿಯ ಎದೆಗೆ ಬಿಲ್ಲೆ ಬಿದ್ದಾಗ, ನನ್ನೊಳಗೆ ತಿರುಗ್ತಿರೋದು ನಮ್ಮಕ್ಕನ ಉಸಿರು ಎಂದು ವೇಣಿ ಆಸ್ಪತ್ರೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಆ ಸೆಪ್ಟೆಂಬರಿನ ಒಂದು ಭಾನುವಾರ ಹಿರೇಮಠರು ಆಟೋದಲ್ಲಿ ಬಂದು ಅವರ ಮನೆಯ ಮುಂದೆ ಇಳಿದರು. ಅವಳು ಕೆಲಸ ಬಿಟ್ಟು ಬಂದ ಹದಿಮೂರು ವರ್ಷದಲ್ಲಿ ತುಂಬ ಇಳಿದುಹೋಗಿದ್ದರು. ವೇಣಿ ಊರಲ್ಲಿರಲಿಲ್ಲ, ಪಂದ್ಯಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದಳು. ದೇವೀರಮ್ಮ ಕೊಟ್ಟ ಚಹಾವನ್ನು ಅವರು ಮುಟ್ಟಲಿಲ್ಲ. ವರ್ಷದೊಳಗೆ ಎಪ್ಪತ್ತಮೂರು ತೇಲುಗಾಲಿಗಳು ನಿಂತಿವೆ ಎಂದರು. ಮೊದಮೊದಲು ಹಾಕಿದವು ಒಂಬತ್ತು ವರ್ಷಕ್ಕೆ ನಿಂತಿದ್ದರೆ, ಈಚೆಗೆ ಹಾಕಿದ ಕೆಲವು ಎರಡೇ ವರ್ಷಕ್ಕೆ ನಿಂತಿದ್ದವು. ಯಾವುದು ಯಾವಾಗ ಎಂದು ಹೇಳುವಂತಿರಲಿಲ್ಲ. ಇನ್ನು ಆ ಬಿಲ್ಲೆಯನ್ನು ಯಾರ ಎದೆಗೂ ಹಾಕಕೂಡದೆಂದು ಸರ್ಕಾರ ಆದೇಶ ಮಾಡಿತ್ತು. ವೈರಿನ ಹಳೆಯ ಪಂಪುಗಳನ್ನು ಮಾಡುವುದನ್ನು ಜಗತ್ತೇ ಹತ್ತು ವರ್ಷದ ಹಿಂದೆ ಬಿಟ್ಟಿತ್ತು. ಉಳಿದಿರುವ ಬೆರಳೆಣಿಕೆಯಷ್ಟಕ್ಕೆ ಸಾವಿರಾರು ಜನರ ಸಾಲು.

ಅವರು ಎರಡು ಚಿತ್ರ ತೋರಿಸಿದರು. ಒಂದರಲ್ಲಿ ಪದರಗಳು ಒಂದರ ಮೇಲೊಂದು ನೆಟ್ಟಗೆ ಕೂತಿದ್ದವು. ಇನ್ನೊಂದರಲ್ಲಿ ಜಾರಿ ಅಡ್ಡಾದಿಡ್ಡಿಯಾಗಿದ್ದವು, ಯಾರೋ ಕಾಲಲ್ಲಿ ಒದ್ದ ಹಪ್ಪಳದ ಪೇರಿಯ ಹಾಗೆ. ಜಾರಿದ್ದು ಯಂತ್ರದ ಬಿಲ್ಲೆ. ನೆಟ್ಟಗಿದ್ದದ್ದು ಹದಿನೇಳು ವರ್ಷದ ಹಿಂದಿನ ಏಳು ಕೊಳವೆಗಳದ್ದು. ಮುಪ್ಪಿನ ಪರೀಕ್ಷೆಯನ್ನು ಏಳಕ್ಕೆ ಮಾತ್ರ ಮಾಡಿದ್ದೆ, ಯಂತ್ರದ್ದಕ್ಕೆ ಮಾಡಲೇ ಇಲ್ಲ, ಎರಡೂ ಒಂದೇ ಅಂದುಕೊಂಡಿದ್ದೆ ಎಂದರು. ಆ ವಾರ ನೀವು ಬೇರೆ ಏನಾದರೂ ಮಾಡಿದ್ದಿರಾ ಎಂದು ಕೇಳಿದರು.

ಏನೂ ಇಲ್ಲ ಸಾರ್ ಎಂದಳು ದೇವೀರಮ್ಮ.

ಅವರು ಹೋದ ಮೇಲೆ ಆರಿದ ಚಹಾವನ್ನು ಚೆಲ್ಲಿ, ಲೋಟ ತೊಳೆದು, ಮತ್ತೆ ಅದೇ ಲೋಟವನ್ನು ತೊಳೆದಳು. ವೇಣಿಯ ಬಿಲ್ಲೆಗೆ ಜನವರಿಗೆ ಒಂಬತ್ತು ವರ್ಷ ತುಂಬುತ್ತಿತ್ತು. ಮರುದಿನ ತಂಗಿಗೆ ಡಬ್ಬಿ ಕೊಟ್ಟವಳು ಐದು ನಿಮಿಷವೂ ನಿಲ್ಲದೆ ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಹೋದಳು. ಹಿರೇಮಠರ ಮೇಜಿನ ಮುಂದೆ ನಿಂತೇ ಹೇಳಿದಳು.

"ಸಾರ್, ನಾನು ಆವಾಗ ಎಲೆ ಅಡಿಕೆ ಹಾಕ್ತಿದ್ದೆ."

ಅವರಿಗೆ ಅರ್ಥವಾಗಲಿಲ್ಲ.

"ಬೆಂಕಿ ಮುಂದೆ ಗಂಟಲು ಒಣಗ್ತಿತ್ತು. ಊದುವಾಗ್ಲೂ ದವಡೇಲಿ ಇರ್ತಿತ್ತು. ಸುಣ್ಣ ಜಾಸ್ತಿ ಹಚ್ಕೊಳ್ತಿದ್ದೆ. ನೀವು ಪಕ್ಕ ಕೂತ ಮೂರು ದಿನ ಹಾಕಿರ್ಲಿಲ್ಲ."

ಹಿರೇಮಠರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಣ್ಣ ಎಂದು ಎರಡು ಸಲ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಹಳೆಯ ಕಡತ ತರಿಸಿ ಹಾಳೆ ತಿರುಗಿಸಿದರು. ಹದಿನೇಳು ವರ್ಷದ ಹಿಂದೆ ಅವರದೇ ಅಕ್ಷರದಲ್ಲಿ ಒಂದು ಸಾಲಿತ್ತು: ಅತ್ಯಲ್ಪ ಕ್ಯಾಲ್ಸಿಯಂ, ಗಾಜಿನ ಕೊಳೆ ಇರಬೇಕು. ಕ್ಯಾಲ್ಸಿಯಂ ಅಂದರೆ ಸುಣ್ಣದ ಸತ್ವ. ಅವಳ ಎಂಜಲಿನ ಕಣಗಳಲ್ಲಿ ಕೊಳವೆಗೆ ಹೋಗಿ, ಹರಳು ಬೆಳೆಯುವಾಗ ಪದರಗಳ ನಡುವೆ ಸೇರಿ, ಅವು ಜಾರದಂತೆ ಮೊಳೆ ಹೊಡೆದು ಕೂತಿತ್ತು.

"ಹದಿನೇಳು ವರ್ಷ ಯಾಕ ಹೇಳಲಿಲ್ಲ?" ಎಂದರು. ಕೋಪವಿರಲಿಲ್ಲ ದನಿಯಲ್ಲಿ.

"ನೀವು ಕೇಳ್ಲಿಲ್ಲ ಸಾರ್. ಕೇಳಿದ್ರೂ ಹೇಳ್ತಿರ್ಲಿಲ್ಲ. ಎಂಜಲು ಅಲ್ವಾ."

ಅವಳಿಗಿಂತ ಮೊದಲಿದ್ದ ಹೆಂಗಸೊಬ್ಬಳು ಗಾಜಿನ ಕೋಣೆಗೆ ಎಲೆ ಹಾಕಿಕೊಂಡು ಬಂದಳೆಂದು ಅದೇ ದಿನ ಮನೆಗೆ ಕಳಿಸಿದ್ದರು. ಕೆಲಸ ಹೋದೀತೆಂಬ ಆ ಭಯ ಯಂತ್ರ ಬಂದಾಗಲೇ ಮುಗಿದಿತ್ತು. ಮುಗಿಯದಿದ್ದದ್ದು ಇನ್ನೊಂದು. ದೊಡ್ಡವರೆಲ್ಲ ಸೇರಿ ಹೊಗಳುವ ವಸ್ತುವಿನಲ್ಲಿ ತನ್ನ ಎಂಜಲು ಬಿದ್ದಿದೆ ಎಂದು ಹೇಗೆ ಹೇಳುವುದು. ದೇವರಿಗೆ ಇಡುವ ಹೂವನ್ನು ಮೂಸಿಬಿಟ್ಟು ಸುಮ್ಮನಿದ್ದವಳ ಹಾಗೆ ಅವಳು ಇಷ್ಟು ವರ್ಷ ಬದುಕಿದ್ದಳು.

ಎಷ್ಟು ಸುಣ್ಣ ಎಂಬುದನ್ನು ಹಳೆಯ ಹರಳುಗಳಿಂದ ಒಂದೇ ವಾರದಲ್ಲಿ ಅಳೆದರು. ಕೊಳವೆ ಊದಲು ದೇವೀರಮ್ಮನನ್ನೇ ಮತ್ತೆ ಕರೆದರು, ಸುಣ್ಣವನ್ನೂ ಕೊಡುವ ಯಂತ್ರ ಇರಲಿಲ್ಲ, ಅಷ್ಟು ಹದವಾಗಿ ಊದುವವರು ಈಗ ಯಾರೂ ಉಳಿದಿರಲಿಲ್ಲ. ಸುಣ್ಣ ಹೆಚ್ಚಾದ ಎರಡು ಹರಳು ಒಡೆದವು. ಒಡೆದ ಹರಳಿಗೆ ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಅದು ಎದೆಯೊಳಗೆ ಆದರೆ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಉಳಿದ ಒಂಬತ್ತು ಕಪ್ಪಗೆ, ಹೊಳೆಯುತ್ತ, ಅಯಸ್ಕಾಂತವನ್ನು ಎತ್ತಿ ಹಿಡಿದು ನಿಂತವು. ಅಕ್ಟೋಬರ್ ಇಪ್ಪತ್ತರಂದು ಅವನ್ನು ಮುಪ್ಪಿನ ಪರೀಕ್ಷೆಗೆ ಇಟ್ಟರು. ನೂರಿಪ್ಪತ್ತು ದಿನ ಅಂದರೆ ಫೆಬ್ರವರಿ ಹದಿನೇಳು. ದೇವೀರಮ್ಮ ಬೆರಳು ಮಡಿಸಿ ಎಣಿಸಿದಳು. ಎರಡು ಸಲ ಎಣಿಸಿದಳು.

ಆ ದಿನ ಎಲ್ಲರೂ ಹೋದ ಮೇಲೆ ಅವಳು ಹಿರೇಮಠರ ಕೋಣೆಯ ಬಾಗಿಲಲ್ಲಿ ನಿಂತಳು. ಒಂದನ್ನು, ಒಂದೇ ಒಂದನ್ನು ಪರೀಕ್ಷೆಗೆ ಮೊದಲೇ ಕೊಡಿ ಎಂದು ಕೇಳಿದಳು. ಜೀವನದಲ್ಲಿ ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಕೇಳುವಾಗ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಹಿರೇಮಠರು ಮೇಜಿನ ಮೇಲಿದ್ದ ಕಡತ ಮುಚ್ಚಿದರು.

"ದೇವೀರಮ್ಮಾ, ಆವತ್ತು ನಾನು ಒಂದು ಪರೀಕ್ಷೆ ಬಿಟ್ಟೆ. ಅದು ಈಗ ನಲವತ್ತೊಂದು ಸಾವಿರ ಎದಿಯೊಳಗ ಅದ. ಮತ್ತೊಂದು ಸಲ ಬಿಡು ಅಂತ ಕೇಳಬ್ಯಾಡ್ರಿ."

"ಅವ್ಳು ಹೋಗ್ಬಿಡ್ತಾಳೆ ಸಾರ್."

"ಹೋಗಬಹುದು," ಎಂದರು. "ನಿಮ್ಮ ತಂಗಿಗೆ ಕೊಟ್ಟರ ನಾಳೆ ಗೇಟಿನ ಮುಂದ ಉಳಿದವರು ನಿಂತಿರ್ತಾರ. ಅವರಿಗೂ ಕೊಡಬೇಕು. ಇದೂ ಜಾರಿದರ? ಒಡದರ?"

ಅವರು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಾಯಿತು. ಸರಿಯಾಗಿರುವ ಮಾತನ್ನು ಅಷ್ಟು ದ್ವೇಷಿಸಬಹುದೆಂದು ಅವಳಿಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ. ಮರುದಿನವೂ ಬಂದು ಕೊಳವೆ ಊದಿದಳು. ಪರೀಕ್ಷೆ ಗೆದ್ದರೆ ಬೇಕಾಗುವ ಬಿಲ್ಲೆಗಳಿಗಾಗಿ, ಹೆಸರು ಗೊತ್ತಿಲ್ಲದವರ ಎದೆಗಾಗಿ.

ತಂಗಿಗೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಮುಖ ನೋಡಲಿಲ್ಲ, ಬಿಡಿಸುತ್ತಿದ್ದ ಅವರೆಕಾಯನ್ನೇ ನೋಡುತ್ತ ಹೇಳಿದಳು. ಆವತ್ತೇ ಬಾಯಿ ಬಿಟ್ಟಿದ್ದರೆ ಯಂತ್ರಕ್ಕೂ ಸುಣ್ಣ ಹಾಕುತ್ತಿದ್ದರು, ನಿನಗೆ ಐವತ್ತು ವರ್ಷ ಇರುತ್ತಿತ್ತು ಎಂದಳು. ವೇಣಿ ಬಹಳ ಹೊತ್ತು ಕಾಯಿ ಬಿಡಿಸಿದಳು.

"ಅಂದ್ರೆ, ನನ್ನೆದೇಲಿ ನಿನ್ನ ಎಂಜಲು ಇಲ್ಲ ಅನ್ನೋದೇ ತೊಂದ್ರೆ," ಎಂದಳು ಕೊನೆಗೆ. "ಚಿಕ್ಕವಳಿದ್ದಾಗ ನಿನ್ನ ತಟ್ಟೇಲೇ ತಿಂತಿದ್ನಲ್ಲೇ. ಅದು ಲೆಕ್ಕಕ್ಕಿಲ್ವಾ?"

ಅಕ್ಕ ನಗಲಿಲ್ಲ. ವೇಣಿಯೂ ಆಮೇಲೆ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನನಗಾದರೂ ಹೇಳಬಹುದಿತ್ತು ಕಣೆ, ನಾನು ಯಾರಿಗೂ ಹೇಳುತ್ತಿರಲಿಲ್ಲ ಎಂದಳು. ಹೇಳಿದ ಮೇಲೆ ಆ ಮಾತಿನಲ್ಲಿರುವ ತಪ್ಪು ಅವಳಿಗೇ ಕಂಡು ಎದ್ದು ಒಳಗೆ ಹೋದಳು.

ಓಡಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಓಡಿದರೂ ಓಡದಿದ್ದರೂ ಪದರ ಜಾರುವುದಕ್ಕೆ ವ್ಯತ್ಯಾಸವಿಲ್ಲ ಎಂದು ಹಿರೇಮಠರಿಗೆ ಗೊತ್ತಿತ್ತು, ಅವರು ಅದನ್ನು ಹೇಳಲಿಲ್ಲ. ವೇಣಿ ಜನವರಿಯವರೆಗೂ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದಿದಳು. ದೇವೀರಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ತಂಗಿಯ ಬೆನ್ನಿಗೆ ಕಿವಿಯಿಡುವ ಅಭ್ಯಾಸವಾಯಿತು. ಗುಂಯ್ ಎನ್ನುವುದು ಕೇಳಿದರೆ ಒಲೆ ಹಚ್ಚುತ್ತಿದ್ದಳು.

ಪರೀಕ್ಷೆಯ ತೊಂಬತ್ತೈದನೆಯ ದಿನ ಆ ಶಬ್ದದಲ್ಲಿ ಮರಳು ಸಿಕ್ಕಂತೆ ಒಂದು ಕರಕರ ಸೇರಿತು. ಆಸ್ಪತ್ರೆಯವರು ಮಲಗಿಸಿಕೊಂಡು, ನೋಡಿ, ಮಾಡುವುದೇನೂ ಇಲ್ಲವೆಂದರು. ಪಂಪು ಅಷ್ಟು ವರ್ಷ ಕೆಲಸವನ್ನೆಲ್ಲ ತಾನೇ ಮಾಡಿ, ಅವಳ ಸ್ವಂತ ಹೃದಯ ಒಣಗಿದ ಹಣ್ಣಿನಂತಾಗಿತ್ತು. ವೇಣಿ ಹಟ ಹಿಡಿದು ಮನೆಗೆ ಬಂದಳು. ತೊಂಬತ್ತೇಳನೆಯ ದಿನ ಶಾಲೆಯಲ್ಲಿ ಗಣರಾಜ್ಯೋತ್ಸವದ ಕವಾಯತಿನ ಕೊನೆಯ ತಾಲೀಮು. ಹೋಗುತ್ತೇನೆ ಎಂದಳು, ದೇವೀರಮ್ಮ ತಡೆಯಲಿಲ್ಲ. ಕುರ್ಚಿಯಲ್ಲಿ ಕೂತು, ತೊಡೆ ತಟ್ಟಿ ಹೆಜ್ಜೆಗೆ ತಾಳ ಹಾಕುತ್ತಿದ್ದಳು. ಹುಡುಗಿಯರು ಮೈದಾನದ ಆಚೆ ತುದಿಯಲ್ಲಿ ತಿರುಗಿ ಈಚೆಗೆ ಬರುವಷ್ಟರಲ್ಲಿ ತಾಳ ನಿಂತಿತ್ತು. ಪಕ್ಕದಲ್ಲೇ ನಿಂತಿದ್ದ ದೇವೀರಮ್ಮ ತಂಗಿಯ ಮಣಿಕಟ್ಟು ಹಿಡಿದಳು. ಅಲ್ಲಿ ಮೊದಲೂ ಏನೂ ಸಿಗುತ್ತಿರಲಿಲ್ಲ. ಎದೆಗೆ ಕಿವಿಯಿಟ್ಟಳು.

ಹುಡುಗಿಯರು ಸಾಲು ಮುರಿಯದೆ ಎದುರು ಬಂದು ನಿಂತು, ಮುಂದಿನ ಆಜ್ಞೆಗೆ ಕಾಯುತ್ತಿದ್ದರು.

ಫೆಬ್ರವರಿ ಹದಿನೇಳಕ್ಕೆ ಒಂಬತ್ತು ಬಿಲ್ಲೆಗಳೂ ಗೆದ್ದವು. ಒಂದರ ಪದರವೂ ಜಾರಿರಲಿಲ್ಲ. ಹಿರೇಮಠರು ಬರೆದ ವರದಿಯಲ್ಲಿ ಊದಿದವರ ಹೆಸರು ದೇವೀರಮ್ಮ ಎಂದು ಅಚ್ಚಾಗಿತ್ತು. ಅವರು ಅದನ್ನು ತಾವೇ ತಂದು ಅವಳ ಕೈಗೆ ಕೊಟ್ಟರು, ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಆ ವರ್ಷ ಒಂದೂವರೆ ಸಾವಿರ ಜನರಿಗೆ ಹೊಸ ಬಿಲ್ಲೆ ಸಿಕ್ಕಿತು. ಸಿಗದೆ ಹೋದವರು ಅದಕ್ಕಿಂತ ಹೆಚ್ಚು.

ಬಿಲ್ಲೆ ಮಾಡುವ ಹೊಸ ಘಟಕದಲ್ಲಿ ಕೊಳವೆ ಊದುವುದನ್ನು ಕಲಿಸಲು ದೇವೀರಮ್ಮನನ್ನು ಇಟ್ಟುಕೊಂಡರು. ಇಪ್ಪತ್ತು ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಸಾಲಾಗಿ ಕೂತಿದ್ದರು. ಅವಳು ಮೊದಲ ದಿನ ಗಾಜು ಮುಟ್ಟಿಸಲಿಲ್ಲ. ನೀವು ಕೆಲಸ ಮಾಡುವಾಗ ಯಾರಿಗೂ ಗೊತ್ತಾಗದ ಹಾಗೆ ಏನೇನು ಮಾಡುತ್ತೀರಿ, ನನಗೆ ಹೇಳಿ, ಯಾರನ್ನೂ ಬಯ್ಯುವುದಿಲ್ಲ ಎಂದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕಿಟಕಿಯ ಬಳಿ ಕೂತಿದ್ದವಳೊಬ್ಬಳು ತುಟಿ ಬಿಚ್ಚಿದಳು. ಅಷ್ಟರಲ್ಲಿ ಮೇಲ್ವಿಚಾರಕರು ಬಾಗಿಲಿಗೆ ಬಂದು ನಿಂತರು. ಅವಳು ತಲೆ ತಗ್ಗಿಸಿ, ಏನಿಲ್ಲ ಮೇಡಂ ಎಂದಳು. ದೇವೀರಮ್ಮ ಮತ್ತೆ ಕೇಳಿದಳು, ಮರುದಿನವೂ ಕೇಳಿದಳು. ಆ ಹುಡುಗಿ ಆಮೇಲೆ ಅವಳ ಕಣ್ಣಿಗೆ ಬೀಳದ ಜಾಗದಲ್ಲಿ ಕೂರತೊಡಗಿದಳು.

ಇದೆಲ್ಲ ಇನ್ನೂ ನಡೆದಿಲ್ಲ. ದೇವೀರಮ್ಮನಿಗೆ ಈಗ ಆರೋ ಏಳೋ ವರ್ಷ. ಈ ಹೊತ್ತಿನಲ್ಲಿ ಅವಳು ಯಾವುದೋ ಶಾಲೆಯ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಅಂಕಿಯನ್ನು ತಪ್ಪು ಬರೆದಿದ್ದಾರೆ, ಅದು ಅವಳಿಗೆ ಕಂಡಿದೆ. ಅವಳು ಪಕ್ಕದವಳ ಮುಖ ನೋಡುತ್ತಾಳೆ, ಮೇಷ್ಟ್ರ ಮುಖ ನೋಡುತ್ತಾಳೆ. ಆಮೇಲೆ ಆ ತಪ್ಪನ್ನು ಹಾಗೆಯೇ, ದುಂಡಗೆ, ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾಳೆ.